ಯಾರಿಗೆ ಸೂತಕ?

ಕ್ರಿಸ್ಟಫರ್ ಇಶರ್‌ವುಡ್‌ನ ‘ಎ ಸಿಂಗಲ್ ಮ್ಯಾನ್’ ಕಾದಂಬರಿಯನ್ನು ನಮ್ಮ ಓದುಬಳಗಕ್ಕೆ ಸೂಚಿಸಿದ್ದು ನಾನು. ಹಾಗಾಗಿ ಅದರ ಮೇಲೆ ಎದ್ದ ತಕರಾರುಗಳಿಗೆ ಉತ್ತರ ಕೊಡಬೇಕಾದದ್ದೂ ನಾನೇ. ಅಂದು ಮಾತಿಗೆ ಮಾತು ಬೆಳೆದು, ನನ್ನ ಸರದಿ ಬರುವ ಹೊತ್ತಿಗೆ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಓದದವರಿಗಾಗಿ ಎರಡು ಮಾತು. ಇದು 1964ರಲ್ಲಿ ಬಂದ ಪುಟ್ಟ ಕಾದಂಬರಿ. ಜಾರ್ಜ್ 58ರ ಇಂಗ್ಲಿಷ್ ಮೇಷ್ಟ್ರು, ಲಾಸ್ ಏಂಜಲೀಸ್‌ನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ಅವನ ಜೊತೆ ವರ್ಷಗಟ್ಟಲೆ ಸಂಸಾರ ಮಾಡಿದ ಜಿಮ್, ಓಹಾಯೊದಲ್ಲಿದ್ದ ತನ್ನ ಹೆತ್ತವರ ಕಡೆಗೆ ಹೋದವನು ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದಾನೆ. ಆಮೇಲಿನ ಒಂದು ದಿನ ಜಾರ್ಜ್ ಕಣ್ಣು ಬಿಟ್ಟಲ್ಲಿಂದ ರಾತ್ರಿ ಮಲಗುವವರೆಗಿನದೇ ಇಡೀ ಕಥೆ.

ಮೊದಲ ತಕರಾರು: ‘ಇದರಲ್ಲಿ ಏನೂ ನಡೆಯೋದೇ ಇಲ್ಲ.’ ಮೆಟ್ಟಿಲಿಳಿದು ಅಡುಗೆಮನೆಗೆ ಹೋಗುವ ಆ ಕಿರಿದಾದ ಬಾಗಿಲನ್ನು ಇನ್ನೊಮ್ಮೆ ನೋಡಿ. ಇಬ್ಬರು ಒಟ್ಟಿಗೆ ದಾಟಿದರೆ ಮೈಗೆ ಮೈ ತಾಗಲೇಬೇಕು, ಅಷ್ಟು ಇಕ್ಕಟ್ಟು. ಜಿಮ್ ಇದ್ದಾಗ ದಿನಕ್ಕೆ ಹತ್ತು ಸಲ ಹೀಗೆ ತಾಗುತ್ತಿದ್ದರು. ಈಗ ಹೆಚ್ಚುಕಡಿಮೆ ಪ್ರತಿ ಬೆಳಗ್ಗೆ ಜಾರ್ಜ್ ಅಲ್ಲಿಗೆ ಬಂದವನೇ ಥಟ್ಟನೆ ನಿಲ್ಲುತ್ತಾನೆ. ಜಿಮ್ ಸತ್ತ ಸುದ್ದಿ ಅವನಿಗೆ ದಿನವೂ ಹೊಸದಾಗಿ ಮುಟ್ಟುವ ಜಾಗ ಅದು. ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಬೆರೆಸಿ, ಆಮೇಲೆ ಒಂದನ್ನು ಸಿಂಕಿಗೆ ಸುರಿದವರಿಗೆ ಇದು ‘ಏನೂ ಅಲ್ಲ’ ಎನಿಸದು.

ಎರಡನೆಯದು: ‘ಬರೀ ಗೋಳು, ಸಾಯಲು ಹೊರಟವನ ಕಥೆ.’ ಹೀಗೆಂದವರಲ್ಲಿ ಇಬ್ಬರು ಪುಸ್ತಕ ಓದಿರಲಿಲ್ಲ, ಟಾಮ್ ಫೋರ್ಡ್ 2009ರಲ್ಲಿ ಮಾಡಿದ ಸಿನಿಮಾ ನೋಡಿದ್ದರು. ಆತ್ಮಹತ್ಯೆಯ ಸಿದ್ಧತೆ, ಪಿಸ್ತೂಲು ಎಲ್ಲ ಸಿನಿಮಾದವು. ಪುಸ್ತಕದ ಜಾರ್ಜ್ ವ್ಯಾಯಾಮಶಾಲೆಗೆ ಹೋಗಿ ಕಸರತ್ತು ಮಾಡುತ್ತಾನೆ, ಗೆಳತಿ ಶಾರ್ಲೆಟ್ ಮನೆಯಲ್ಲಿ ಚೆನ್ನಾಗಿ ಕುಡಿಯುತ್ತಾನೆ, ನಡುರಾತ್ರಿ ಶಿಷ್ಯನೊಬ್ಬನ ಜೊತೆ ಬಟ್ಟೆ ಕಳಚಿ ಸಮುದ್ರಕ್ಕೆ ಬೀಳುತ್ತಾನೆ. ದುಃಖವಿದ್ದೂ ಹಸಿವಾಗುತ್ತದೆ, ನಗು ಬರುತ್ತದೆ. ಸಾವಾದ ಮನೆಯಲ್ಲಿ ಹನ್ನೊಂದು ದಿನ ಕೂತೆದ್ದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು: ‘ಜಾರ್ಜ್ ಮಹಾ ಸಿಡುಕ, ಅಕ್ಕಪಕ್ಕದವರನ್ನೆಲ್ಲ ದ್ವೇಷಿಸುತ್ತಾನೆ.’ ಹೌದು, ದ್ವೇಷಿಸುತ್ತಾನೆ. ಅದಕ್ಕೆ ಉತ್ತರವನ್ನು ಅವನೇ ತರಗತಿಯಲ್ಲಿ ಹೇಳಿದ್ದಾನೆ: ತುಳಿಸಿಕೊಂಡ ಮಾತ್ರಕ್ಕೆ ಅಲ್ಪಸಂಖ್ಯಾತರು ಸಂತರಾಗುವುದಿಲ್ಲ, ತಮ್ಮನ್ನು ದ್ವೇಷಿಸುವವರನ್ನು ಅವರೂ ದ್ವೇಷಿಸುತ್ತಾರೆ. ಸಲಿಂಗಪ್ರೇಮಿ ಎಂದರೆ ಕಣ್ಣೀರಿಟ್ಟು ನಮ್ಮ ಕನಿಕರ ಗಿಟ್ಟಿಸುವವನಾಗಿರಬೇಕು ಎಂಬ ನಿರೀಕ್ಷೆಯನ್ನು ಇಶರ್‌ವುಡ್ ಬೇಕೆಂದೇ ಮುರಿದಿದ್ದಾನೆ.

ನಾಲ್ಕನೆಯದು ತಕರಾರಲ್ಲ, ಹೊಗಳಿಕೆ. ನನ್ನ ನಿಜವಾದ ಜಗಳ ಇದರ ಜೊತೆಗೇ. ‘ಇಬ್ಬರೂ ಗಂಡಸರು ಅನ್ನೋದು ಮರೆತೇಹೋಗುತ್ತೆ. ಪ್ರೀತಿ, ದುಃಖ ಎಲ್ಲರಿಗೂ ಒಂದೇ ತಾನೇ?’ ಎಂದರು ಹಿರಿಯರೊಬ್ಬರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಅದನ್ನು ಮರೆತರೆ ಕಾದಂಬರಿಯಲ್ಲಿ ಉಳಿಯುವುದೇನು? ಸಾವಿನ ಸುದ್ದಿ ಬರುವುದು ಜಿಮ್‌ನ ಚಿಕ್ಕಪ್ಪ ಮಾಡಿದ ಫೋನಿನಲ್ಲಿ. ಸಿನಿಮಾದಲ್ಲಿ ಅಂತ್ಯಕ್ರಿಯೆ ಮನೆಯವರಿಗೆ ಮಾತ್ರ ಎಂದು ಬಾಗಿಲು ಹಾಕುತ್ತಾರೆ. ಪುಸ್ತಕದಲ್ಲಿ ಅದಕ್ಕಿಂತ ಕ್ರೂರವಾದದ್ದು ನಡೆಯುತ್ತದೆ, ಕರೆಯುತ್ತಾರೆ! ಮನೆಯವರ ದುಃಖದಲ್ಲಿ ‘ರೂಮ್‌ಮೇಟ್’ಗೂ ಒಂದು ಪಾಲಿರಲಿ ಎಂಬಂತೆ, ಒಲ್ಲದ ಮನಸ್ಸಿನಿಂದ. ಜಾರ್ಜ್ ಚುಟುಕಾಗಿ ಬೇಡವೆನ್ನುತ್ತಾನೆ. ಓಹೋ, ಇವನೇನೂ ಅಂಥ ಆಪ್ತ ಗೆಳೆಯನಲ್ಲ ಬಿಡು ಎಂದು ಆ ಕಡೆಯವರು ಅಂದುಕೊಂಡಿರಬೇಕು.

ಗಂಡ ಬಿಟ್ಟುಹೋದ ಶಾರ್ಲೆಟ್ ಬಾಯಿಬಿಟ್ಟು ಅಳಬಹುದು. ಜಾರ್ಜ್ ಅಕ್ಕಪಕ್ಕದವರಿಗೆ ಜಿಮ್ ಸತ್ತನೆಂದು ಕೂಡ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಕಾನೂನು ಬದಲಾಗುವ ತನಕ ಅವರಿಬ್ಬರ ಕೂಡುವಿಕೆ ಅಪರಾಧ. ನೋವು ಎಲ್ಲರಿಗೂ ಒಂದೇ ಇರಬಹುದು, ಸೂತಕ ಎಲ್ಲರಿಗೂ ಇಲ್ಲ.

ಕೊನೆಯದು: ‘ಇದು ಅಲ್ಲಿನ ಸಮಸ್ಯೆ, ನಮ್ಮದಲ್ಲ.’ ಇಶರ್‌ವುಡ್ ಸ್ವಾಮಿ ಪ್ರಭವಾನಂದರ ಶಿಷ್ಯ, ಅವರೊಡನೆ ಸೇರಿ ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದವನು ಎಂದು ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಆದರೆ ಗೀತೆ ಅನುವಾದಿಸಿದ ಮಾತ್ರಕ್ಕೆ ಅವನ ಕಾದಂಬರಿ ನಮ್ಮದಾಗುವುದಿಲ್ಲ. ನಮ್ಮದೇ ಬೇಕೆಂದರೆ ವಸುಧೇಂದ್ರರ ‘ಮೋಹನಸ್ವಾಮಿ’ 2013ರಿಂದ ಕನ್ನಡದ ಅಂಗಡಿಗಳಲ್ಲಿದೆ. ಅಲ್ಲಿ ಮೋಹನಸ್ವಾಮಿಯ ಕಾರ್ತಿಕ್ ಸಾಯುವುದಿಲ್ಲ, ಹುಡುಗಿಯನ್ನು ಮದುವೆಯಾಗುತ್ತಾನೆ. ಊರೆಲ್ಲ ಮದುವೆಯೂಟ ಉಣ್ಣುವಾಗ ಒಬ್ಬನ ಪಾಲಿಗೆ ಅದು ಸಾವಿನ ಮನೆ, ಹಾಗೆಂದು ಅವನು ಯಾರಿಗೂ ಹೇಳುವಂತಿಲ್ಲ. ‘ರೂಮ್‌ಮೇಟ್’ ಎಂಬ ಪದ ಬೆಂಗಳೂರಿನ ಬಾಡಿಗೆ ಮನೆಗಳಿಗೂ ಹೊಸದಲ್ಲ.

ಕಾನೂನಿನ ಮಾತಿಗೇ ಬರೋಣ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇಂಥ ಪ್ರೀತಿ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಇದಕ್ಕೆ ಮದುವೆಯ ಮಾನ್ಯತೆ ಕೊಡಲು ಒಪ್ಪಲಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಸಂಗಾತಿ ಸತ್ತರೆ ಇಂಥವರಿಗೂ ಶವ ಪಡೆಯಲು ಅವಕಾಶ ಇರಲಿ ಎಂದಿತು. ಅದು ಯಾವಾಗ ಗೊತ್ತೇ? ಹತ್ತಿರದ ಸಂಬಂಧಿಕರು ಯಾರೂ ಸಿಗದೇ ಹೋದಾಗ.