ಶಾರ್ಙ್ಗಕ್ಕೆ ಕೊಂಬು ಕೊಟ್ಟವರು

ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂದು ಹೆಸರು. ಶೃಂಗದಿಂದ, ಎಂದರೆ ಕೊಂಬಿನಿಂದ ಆದದ್ದು ಎಂಬುದೇ ಆ ಪದದ ಅರ್ಥ. ಶಾರ್ಙ್ಗಪಾಣಿಯೆಂದು ಭಕ್ತಿಯಿಂದ ಸ್ತುತಿಸುವವರಲ್ಲಿ, ಆ ಬಿಲ್ಲು ಯಾವ ಪ್ರಾಣಿಯ ಕೊಂಬಿನದು, ಕೊಂಬನ್ನು ಬುರುಡೆಯಿಂದ ಬಿಡಿಸಿದವರು ಯಾರು ಎಂಬ ಪ್ರಶ್ನೆ ಏಳುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಇಂಥ ಸಂಕೋಚವಿಲ್ಲ. ಆಯುಧಾಗಾರದ ಅಧ್ಯಕ್ಷನನ್ನು ಕುರಿತ ಅಧ್ಯಾಯದಲ್ಲಿ ಅದು ಬಿಲ್ಲುಗಳನ್ನು ತಾಳೆ, ಬಿದಿರು, ಮರ, ಕೊಂಬು ಎಂದು ವಸ್ತುವಿನ ಮೇಲೆ ವಿಂಗಡಿಸುತ್ತದೆ. ಹೆದೆಗೆ ಒದಗುವ ನಾರುಗಳ ಪಟ್ಟಿಯಲ್ಲಿ ಎಕ್ಕ, ಸಣಬುಗಳ ಜೊತೆಗೆ ಸ್ನಾಯುವನ್ನೂ ಸೇರಿಸುತ್ತದೆ. ದೇವರ ಕೈಗೆ ಬಂದ ಮೇಲೆ ಬಿಲ್ಲಿನಿಂದ ಪ್ರಾಣಿಯ ವಾಸನೆ ಹೋಯಿತು.

ಕೊಂಬು, ಸ್ನಾಯು, ಮರಗಳನ್ನು ಅಂಟಿಸಿ ಬಿಲ್ಲು ಕಟ್ಟುವ ವಿದ್ಯೆ ಒಂದು ಕಾಲಕ್ಕೆ ಇಸ್ತಾನ್‌ಬುಲ್‌ನಿಂದ ಮೊಗಲರ ದಿಲ್ಲಿಯವರೆಗೆ, ಮಂಗೋಲಿಯಾದ ಹುಲ್ಲುಗಾವಲಿನಿಂದ ಕೊರಿಯಾದವರೆಗೆ ಹಬ್ಬಿತ್ತು. ಅದು ಕಡಿಯದೆ ಉಳಿದುಬಂದ ಕೆಲವೇ ನಾಡುಗಳಲ್ಲಿ ಕೊರಿಯಾ ಒಂದು. ಅಲ್ಲಿ ಅದಕ್ಕೆ ಗಾಕ್‌ಗುಂಗ್ ಎನ್ನುತ್ತಾರೆ; ಗಾಕ್ ಎಂದರೆ ಕೊಂಬು. ನಡುವಿನ ತಿರುಳು ಬಿದಿರಿನದು, ತುದಿಗಳು ಹಿಪ್ಪುನೇರಳೆ ಮರದವು, ಹಿಡಿ ಓಕ್ ಮರದ್ದು. ಬಿಲ್ಲುಗಾರನ ಕಡೆಗಿರುವ ಒಳಮೈಗೆ ಎಮ್ಮೆಯ ಕೊಂಬಿನ ಪಟ್ಟಿ, ಗುರಿಯ ಕಡೆಗಿರುವ ಹೊರಮೈಗೆ ದನದ ಸ್ನಾಯುರಜ್ಜು. ಹೆದೆಯನ್ನು ಸೆಳೆದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಗಿಡ್ಡ ಬಿಲ್ಲನ್ನು ಅಷ್ಟು ಬಗ್ಗಿಸಿದರೆ ಬರಿಯ ಮರ ಸೀಳಿಹೋಗುತ್ತದೆ. ಆದರೆ ಕೊಂಬು ಒತ್ತಡವನ್ನು ತಾಳುತ್ತದೆ, ಸ್ನಾಯು ಎಳೆತವನ್ನು ತಾಳುತ್ತದೆ. ಆಳುದ್ದದ ಮರದ ಬಿಲ್ಲಿನ ಕೆಲಸವನ್ನು ಅದಕ್ಕಿಂತ ಬಹಳ ಚಿಕ್ಕದಾದ ಬಿಲ್ಲು ಕುದುರೆಯ ಬೆನ್ನ ಮೇಲಿಂದ ಮಾಡಲು ಸಾಧ್ಯವಾದದ್ದು ಹೀಗೆ.

ಸ್ನಾಯುವಿನ ಕೆಲಸವೇ ಎಲ್ಲಕ್ಕಿಂತ ದೀರ್ಘ. ದನದ ಹಿಂಗಾಲಿನ, ಬೆನ್ನಿನ ರಜ್ಜುಗಳನ್ನು ಬಿಡಿಸಿ, ಅಂಟಿಕೊಂಡ ಮಾಂಸ ಕೊಬ್ಬುಗಳನ್ನು ಕೆರೆದು, ಒಣಗಿಸಿ, ಜಜ್ಜಿ ಜಜ್ಜಿ ನಾರಾಗಿಸಬೇಕು. ನಾರನ್ನು ಬಾಚಿ, ಬಿಸಿಯಾದ ಸರೆಸಿನಲ್ಲಿ ಅದ್ದಿ, ಪದರದ ಮೇಲೆ ಪದರವಾಗಿ ಹಾಸಬೇಕು. ಕೊರಿಯಾದ ಸರೆಸು ಮೀನಿನ ಗಾಳಿಚೀಲವನ್ನು ಕುದಿಸಿ ತೆಗೆದದ್ದು. ಒಂದು ಪದರ ಒಣಗದೆ ಮತ್ತೊಂದನ್ನು ಹಾಸುವಂತಿಲ್ಲ. ಒಣಗುತ್ತ ಸ್ನಾಯು ಕುಗ್ಗುವುದರಿಂದ ಬಿಲ್ಲು ಹೆದೆಗೆ ವಿರುದ್ಧವಾದ ದಿಕ್ಕಿಗೆ ತಾನಾಗಿ ಬಾಗಿಕೊಳ್ಳುತ್ತದೆ. ಈ ಅಂಟಿಗೆ ತೇವ ಆಗದು. ಆದಕಾರಣ ಅಂಟಿಸುವ ಕೆಲಸಕ್ಕೆ ಚಳಿಗಾಲದ ಒಣಹವೆ ಬೇಕು, ಸಿದ್ಧವಾದ ಬಿಲ್ಲಿಗೆ ಬೆಚ್ಚನೆಯ ಪೆಟ್ಟಿಗೆ ಬೇಕು. ಭಾರತದಲ್ಲಿ ಮೊಗಲರ ಕಾಲದ ಕಮ್ಮಾರರು ಉಕ್ಕಿನ ಬಿಲ್ಲುಗಳನ್ನೂ ಮಾಡಿದರು. ಕೊಂಬಿನ ಬಿಲ್ಲಿನ ಚುರುಕು ಅವಕ್ಕಿರಲಿಲ್ಲ. ಆದರೆ ಮಳೆಗಾಲಗಳು ಕಳೆದರೂ ಶಸ್ತ್ರಾಗಾರದಲ್ಲಿ ಅಂಟು ಬಿಡದೆ ಬಿದ್ದಿರುತ್ತಿದ್ದವು.

ಬಿಲ್ಲು ಬಾಣಗಳನ್ನು ಮಾಡುವ ಈ ವಿದ್ಯೆಗೆ ದಕ್ಷಿಣ ಕೊರಿಯಾ 1971ರಲ್ಲಿ ರಾಷ್ಟ್ರೀಯ ಅಮೂರ್ತ ಪರಂಪರೆಯ ಮಾನ್ಯತೆಯನ್ನು ಕೊಟ್ಟಿತು. ಮಾನ್ಯತೆ ಉಚಿತವಾದದ್ದೇ. ಆದರೆ ‘ರಾಷ್ಟ್ರೀಯ’ ಎಂಬ ವಿಶೇಷಣದ ಮುಂದೆ ಸ್ವಲ್ಪ ನಿಲ್ಲಬೇಕಾಗುತ್ತದೆ. ನೀರೆಮ್ಮೆ ಕೊರಿಯಾದ ಪ್ರಾಣಿಯೇ ಅಲ್ಲ. ಕೊಂಬು ದಕ್ಷಿಣದ ನಾಡುಗಳಿಂದ ಚೀನಾದ ಮೂಲಕ ಬರುತ್ತಿತ್ತು. ಯುದ್ಧಸಾಮಗ್ರಿಯೆಂದು ಮಿಂಗ್ ದೊರೆಗಳು ಅದರ ಮಾರಾಟಕ್ಕೆ ಕಡಿವಾಣ ಹಾಕಿದರು. 15ನೆಯ ಶತಮಾನದಲ್ಲಿ ಜೋಸನ್ ಅರಸರು ರ‍್ಯೂಕ್ಯೂ ದ್ವೀಪಗಳಿಂದ ಎಮ್ಮೆಗಳನ್ನು ತರಿಸಿ ಸಾಕಲೂ ಯತ್ನಿಸಿದರು. ಅಪ್ಪಟವೆಂದು ಹೊಗಳಿಸಿಕೊಳ್ಳುವ ಬಿಲ್ಲಿನ ಒಳಮೈ ಪರದೇಶದ್ದು.

ಹೊರಮೈಯ ಕಥೆ ಇನ್ನೂ ಕಹಿಯಾದದ್ದು. ಜೋಸನ್ ಕೊರಿಯಾದಲ್ಲಿ ದನ ಕಡಿಯುವವರು, ಚರ್ಮ ಹದಮಾಡುವವರು ಬೆಕ್‌ಜಾಂಗ್ ಎಂಬ ಹೀನಾಯ ಹೆಸರಿನ ಜನ. ಅವರದು ಪ್ರತ್ಯೇಕ ಕೇರಿ. ರೇಷ್ಮೆ ಉಡುವಂತಿಲ್ಲ, ಮನೆಗೆ ಹಂಚು ಹೊದಿಸುವಂತಿಲ್ಲ, ಮೇಲಿನವರ ಮಕ್ಕಳ ಎದುರಿಗೂ ತಲೆತಗ್ಗಿಸಬೇಕು. ಕನ್ನಡದ ಓದುಗರಿಗೆ ಈ ಪಟ್ಟಿಯನ್ನು ಅನುವಾದಿಸಿ ಹೇಳುವ ಅಗತ್ಯವಿಲ್ಲ. 1894ರ ಸುಧಾರಣೆ ಕಾನೂನಿನಲ್ಲಿ ಈ ಭೇದವನ್ನು ತೆಗೆದುಹಾಕಿತು. ಬದುಕಿನಲ್ಲಿ ಅದು ಹೋಗಲಿಲ್ಲ, ಶಾಲೆಗಳ ಬಾಗಿಲು ಅವರ ಮಕ್ಕಳಿಗೆ ತೆರೆಯಲಿಲ್ಲ. 1923ರಲ್ಲಿ ಜಿಂಜು ಪಟ್ಟಣದಲ್ಲಿ ಅವರು ಹ್ಯೋಂಗ್‌ಪ್ಯೋಂಗ್‌ಸಾ ಎಂಬ ಸಂಘಟನೆಯನ್ನು ಕಟ್ಟಿದರು. ತಕ್ಕಡಿಯ ದಂಡದಂತೆ ಸಮವಾದದ್ದು ಎಂಬುದು ಆ ಹೆಸರಿನ ಭಾವ. ಮಾಂಸದ ಅಂಗಡಿಯ ತಕ್ಕಡಿಯನ್ನೇ ಸಮತೆಯ ಗುರುತಾಗಿ ಎತ್ತಿ ಹಿಡಿದದ್ದು ಎಷ್ಟು ಧೀರವಾದ ಆಯ್ಕೆ! ಆದರೂ ಬಿಲ್ಲಿನ ಕೀರ್ತಿಕಥನದಲ್ಲಿ ಅರಸನಿಗೆ, ಯೋಧನಿಗೆ, ಈಚೆಗೆ ಬಿಲ್ಲು ಕಟ್ಟುವವನಿಗೂ ಸ್ಥಳವಿದೆ. ರಜ್ಜು ಬಿಡಿಸಿದವರಿಗೆ ಮಾತ್ರ ಇಲ್ಲ.

ಭಾರತದಲ್ಲಿ, ಭಾರತೀಯರು ನೆಲೆಸಿದ ದೇಶಗಳಲ್ಲಿಯೂ, ಜಾತಿಯನ್ನು ಸಮರ್ಥಿಸುವವರ ಬತ್ತಳಿಕೆಯಲ್ಲಿ ಒಂದು ನಯವಾದ ಬಾಣವಿದೆ: ಜಾತಿ ತಪ್ಪೇ ಇರಬಹುದು, ಆದರೆ ಕುಲಕಸುಬುಗಳನ್ನು ಕಾಪಾಡಿದ್ದು ಅದೇ ಅಲ್ಲವೆ ಎಂಬುದು. ಕೊರಿಯಾದ ಉದಾಹರಣೆ ಇದಕ್ಕೆ ನೇರವಾದ ಉತ್ತರ. ಯುದ್ಧ, ವಲಸೆ, ನಗರಗಳ ಬೆಳವಣಿಗೆ, ಆ ಜನರ ಹೋರಾಟ ಇವೆಲ್ಲದರ ನಡುವೆ ಬೆಕ್‌ಜಾಂಗ್ ಎಂಬ ವರ್ಗ ಅಲ್ಲಿ ಕರಗಿಹೋಯಿತು. ಮಾಂಸ ಮಾರುವುದು ಎಲ್ಲ ವೃತ್ತಿಗಳಂತೆ ಒಂದು ವೃತ್ತಿಯಾಯಿತು. ಕೊಂಬಿನ ಬಿಲ್ಲು ಮಾತ್ರ ಉಳಿಯಿತು. ಅಲ್ಲಿಯೂ ಹಲವು ಮನೆಗಳಲ್ಲಿ ಬಿಲ್ಲು ಕಟ್ಟುವ ವಿದ್ಯೆ ತಂದೆಯಿಂದ ಮಗನಿಗೆ ಬಂದದ್ದು ನಿಜ. ಮನೆತನದ ಒಲವು ಬೇರೆ, ಹುಟ್ಟಿನ ಕಟ್ಟುಪಾಡು ಬೇರೆ.

ಹಾಗೆಂದು ಸತ್ತ ದನದ ಕೆಲಸವನ್ನು ‘ಶ್ರಮಸಂಸ್ಕೃತಿ’ಯೆಂದು ವೈಭವೀಕರಿಸುವುದೂ ತರವಲ್ಲ, ಪ್ರಗತಿಪರರೂ ಕೆಲವೊಮ್ಮೆ ಈ ಹಳ್ಳಕ್ಕೆ ಬೀಳುತ್ತಾರೆ. 1927ರ ಮಾರ್ಚಿಯಲ್ಲಿ ಅಂಬೇಡ್ಕರರ ನೇತೃತ್ವದ ಮಹಾಡ್ ಸಮಾವೇಶ, ಸತ್ತ ದನ ಎಳೆಯುವುದನ್ನು ಬಿಡಬೇಕೆಂದು ಅಸ್ಪೃಶ್ಯರಿಗೆ ಕರೆಕೊಟ್ಟಿತು. ಹೇರಿದ ಕೆಲಸವನ್ನು ನಿರಾಕರಿಸುವುದೇ ಅಲ್ಲಿ ಘನತೆಯ ಮೊದಲ ಹೆಜ್ಜೆ. 2016ರ ಜುಲೈನಲ್ಲಿ ಗುಜರಾತಿನ ಊನಾದ ಬಳಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತರನ್ನು ಗೋರಕ್ಷಕರೆಂದು ಹೇಳಿಕೊಂಡವರು ಹಿಡಿದು ಥಳಿಸಿದರು. ಪ್ರತಿಭಟನೆಯಾಗಿ ಸುರೇಂದ್ರನಗರದ ಜಿಲ್ಲಾಧಿಕಾರಿ ಕಚೇರಿಯೆದುರು ಸತ್ತ ದನಗಳನ್ನು ತಂದು ಸುರಿಯಲಾಯಿತು. ಮಾಡಿದರೆ ಹೊಡೆತ, ಮಾಡದಿದ್ದರೆ ಊರೆಲ್ಲ ದುರ್ನಾತ. ಈ ಕೆಲಸದ ಮೇಲೆ ಒಂದು ಸಮಾಜ ನಿಂತಿದೆ ಎಂಬುದು ಆ ದಿನ ಮೂಗಿಗೆ ಬಡಿಯುವಂತೆ ತಿಳಿಯಿತು.

ಕಡಲಾಚೆಯ ಸಮುದಾಯ ಭವನಗಳಲ್ಲಿ ಮಕ್ಕಳು ಆಡುವ ರಾಮಾಯಣದ ಬಿಲ್ಲು ಹೆಚ್ಚಿನ ಪಾಲು ಪ್ಲಾಸ್ಟಿಕ್ ಕೊಳವೆಯದು. ಅದಕ್ಕೆ ಯಾರ ಆಕ್ಷೇಪವೂ ಇರಬೇಕಾಗಿಲ್ಲ. ಆದರೆ ಪ್ರಾಚೀನ ಭಾರತದ ತಂತ್ರಜ್ಞಾನವನ್ನು ಕೊಂಡಾಡುವ ಉಪನ್ಯಾಸಗಳಿಗೆ ಅಲ್ಲಿಂದಲೇ ಹಣ ಹೋಗುತ್ತದೆ, ಕಸಾಯಿಖಾನೆಗಳನ್ನು ಮುಚ್ಚಿಸುವ ಚಳವಳಿಗೂ ಅಲ್ಲಿಂದಲೇ ಚಪ್ಪಾಳೆ ಬರುತ್ತದೆ. ಶಾರ್ಙ್ಗವನ್ನು ಮತ್ತೆ ಕಟ್ಟಬೇಕೆಂದು ಯಾರಾದರೂ ನಿಜವಾಗಿ ಹೊರಟರೆ ಈ ಎರಡೂ ಒಟ್ಟಿಗೆ ನಡೆಯಲಾರವು. ಸಾಮಗ್ರಿಗೇನೂ ಬರವಿಲ್ಲ: 2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 11 ಕೋಟಿ ಎಮ್ಮೆಕೋಣಗಳಿವೆ. ಕೊಂಬನ್ನು ಕಾಯಿಸಿ, ಒತ್ತಿ, ಹದಮಾಡಬಲ್ಲ ಕೈಗಳು ಉತ್ತರಪ್ರದೇಶದ ಸಂಭಲ್‌ನಲ್ಲಿ, ಒಡಿಶಾದ ಪರಲಾಖೆಮುಂಡಿಯಲ್ಲಿ ಇಂದಿಗೂ ಬಾಚಣಿಗೆ, ಆಟಿಕೆಗಳನ್ನು ಮಾಡುತ್ತಿವೆ. ಸ್ನಾಯುವಿನದೇ ತೊಡಕು. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆಯ ಅಡಿಯಲ್ಲಿ ಹಸು, ಎತ್ತುಗಳನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆಕೋಣಗಳಿಗಷ್ಟೆ, ಅದೂ ಅಧಿಕಾರಿಯ ಪ್ರಮಾಣಪತ್ರದೊಂದಿಗೆ, ಅನುಮತಿ. ವಿಷ್ಣುವಿನ ಬಿಲ್ಲನ್ನು ಶಾಸ್ತ್ರೋಕ್ತವಾಗಿ ಕಟ್ಟಬಯಸುವ ಭಕ್ತನು ಬೆಂಗಳೂರಿನಲ್ಲಿ ಮೊದಲು ವಿಚಾರಿಸಬೇಕಾದ ವಿಳಾಸ ಒಂದು ಕಸಾಯಿಖಾನೆಯದು; ಹಿಂಗಾಲಿನ ರಜ್ಜುವನ್ನು ಹರಿಯದಂತೆ ಬಿಡಿಸಿ ಕೊಡಬಲ್ಲವನ ಹೆಸರನ್ನೂ ಅವನು ಅಲ್ಲಿಯೇ ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.