ಕೆರೆಗೆ ಬಿಡುವ ಮರಿಯ ಉದ್ದ ಅಳೆಯಿರಿ

ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ, ಬಬಲೇಶ್ವರ ಭಾಗದ ಕೆರೆಗಳಿಗೆ ಬಂದ ಮೇಲೆ, ಆ ನೀರಿನಲ್ಲಿ ಮೀನು ಬೆಳೆಸುವ ಆಸೆ ಹುಟ್ಟುವುದು ಸಹಜ. ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಕೂಡಿಸಿ ಬಿಡುವುದು ರೂಢಿ. ಕಾಟ್ಲಾ ಮೇಲ್ನೀರಿನ ಸಣ್ಣ ಜೀವಿಗಳನ್ನು, ರೋಹು ನಡುನೀರಿನ ಪಾಚಿ ಮತ್ತು ಕೊಳೆತ ಸೊಪ್ಪನ್ನು, ಮೃಗಾಲ್ ತಳದ ಕಸವನ್ನು ತಿನ್ನುವುದರಿಂದ ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಈ ತರ್ಕ ಬೆಳೆದ ಮೀನಿಗೆ ಸಲ್ಲುತ್ತದೆ, ಮರಿಗಲ್ಲ. ತತ್ತಿಯೊಡೆದು ಮೂರ್ನಾಲ್ಕು ದಿನಕ್ಕೆ ಹೊಟ್ಟೆಗಂಟಿದ ಹಳದಿ ಚೀಲ ಕರಗಿದೊಡನೆ ಮೂರೂ ಜಾತಿಯ ಮರಿಗಳು ಹುಡುಕುವುದು ನೀರುಚಿಗಟದಂಥ ಪ್ರಾಣಿಪ್ಲವಕಗಳನ್ನೇ. ಆರೆಂಟು ಮಿಲಿಮೀಟರ್ ಮರಿಗಳನ್ನು ಲಕ್ಷಗಟ್ಟಲೆ ಸುರಿಯುವುದೆಂದರೆ ಒಂದೇ ಗಂಗಾಳಕ್ಕೆ ಮೂರು ಮನೆಯವರನ್ನು ಕೂಡಿಸಿದಂತೆ. ಹಂಚಿಕೊಂಡು ತಿನ್ನುವ ಲಾಭ ಶುರುವಾಗುವುದು ಆಹಾರ ಬೇರೆಯಾದ ಮೇಲೆಯೇ. ಹಾಗಾಗಿ ಬಿತ್ತನೆಯ ಲೆಕ್ಕದಲ್ಲಿ ಮರಿಗಳ ಸಂಖ್ಯೆಗಿಂತ ಉದ್ದಕ್ಕೆ ಹೆಚ್ಚು ಬೆಲೆ ಸಿಗಬೇಕು.

ಆಹಾರದ ಈ ಬದಲಾವಣೆ ಕರುಳಿನಲ್ಲೇ ಬರೆದಿರುತ್ತದೆ. ಸೊಪ್ಪು, ಪಾಚಿ ಅರಗುವುದು ನಿಧಾನ. ಅದಕ್ಕೆಂದೇ ರೋಹು ಬೆಳೆದಂತೆ ಅದರ ಕರುಳು ಮೈಯ ಉದ್ದವನ್ನೂ ಮೀರಿ ಹಲವು ಪಟ್ಟು ಬೆಳೆಯುತ್ತದೆ. ಸಮುದ್ರದ ಬಂಗುಡೆಯದು ಇದಕ್ಕೆ ತಿರುವುಮುರುವು: ಮರಿಯಿದ್ದಾಗ ಸಸ್ಯಪ್ಲವಕವನ್ನೂ ಪುಟ್ಟ ಜೀವಿಗಳನ್ನೂ ಸೋಸಿ ತಿನ್ನುವ ಅದು ದೊಡ್ಡದಾದಂತೆ ಸೀಗಡಿ ಮರಿ, ಮೀನುಮರಿಗಳತ್ತ ಹೊರಳುತ್ತದೆ, ಮೈಯುದ್ದಕ್ಕೆ ಹೋಲಿಸಿದರೆ ಕರುಳು ಗಿಡ್ಡವಾಗುತ್ತದೆ. ಹೆಸರೊಂದೇ ಇದ್ದರೂ ಮರಿ ಮತ್ತು ಮೀನು ಊಟದ ಮಟ್ಟಿಗೆ ಎರಡು ಬೇರೆ ಪ್ರಾಣಿಗಳೇ ಎನ್ನಬೇಕು.

ಬಲಿತ ಮರಿ ದುಬಾರಿ, ಸಾಗಣೆಯೂ ಕಷ್ಟ, ಸಣ್ಣವನ್ನೇ ಹೆಚ್ಚು ಬಿಟ್ಟರೆ ಒಂದಷ್ಟು ಉಳಿದಾವು ಎಂಬ ವಾದವಿದೆ. ಆದರೆ ಕೊರವ ಮೀನಿರುವ ಕೆರೆಯಲ್ಲಿ ಸಣ್ಣ ಮರಿಯೇ ಅದರ ಊಟ. ಹಸಿದು ಸೊರಗಿದ ಮರಿಗೆ ತಪ್ಪಿಸಿಕೊಳ್ಳುವ ಕಸುವೂ ಇರುವುದಿಲ್ಲ. ಸತ್ತ ಮರಿಗಳ ಬೆಲೆ ಸೇರಿಸಿದರೆ ಅಗ್ಗ ಎಂಬ ಮಾತು ನಿಲ್ಲುವುದು ಕಷ್ಟ. ದ್ರಾಕ್ಷಿ ತೋಟದ ಕೃಷಿಹೊಂಡಗಳಲ್ಲೇ ಮರಿ ಬಲಿಸಬಹುದಲ್ಲ ಎಂದರೆ ರೈತರ ಆಕ್ಷೇಪ ನ್ಯಾಯವಾದದ್ದು: ಪ್ಲವಕ ಹುಟ್ಟಲು ಸಗಣಿ ಗೊಬ್ಬರ ಹಾಕಬೇಕು, ಹಸಿರುಗಟ್ಟಿದ ಆ ನೀರು ಹನಿ ನೀರಾವರಿಯ ಕೊಳವೆ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಅದಕ್ಕೆ ತೋಟದ ಹೊಂಡವನ್ನು ಮುಟ್ಟದೆ, ಕೆರೆಯಂಚಿನಲ್ಲೇ ಒಂದು ಪುಟ್ಟ ಮಣ್ಣಿನ ಹೊಂಡ ತೋಡಿ, ಕೊರವ ನುಸುಳದಂತೆ ಬಲೆ ಕಟ್ಟಿ, ಮರಿಗಳು ಬೆರಳುದ್ದ ಆಗುವ ತನಕ ಅಲ್ಲಿ ಸಾಕುವುದು ಮೇಲು. ಕಡಲೆಹಿಂಡಿ, ತೌಡು ಕೊಟ್ಟರೆ ಸಾಲದೇ ಎನ್ನುವವರೂ ಇದ್ದಾರೆ. ಮೊದಲ ವಾರಗಳಲ್ಲಿ ಹಿಂಡಿ ಪ್ಲವಕಕ್ಕೆ ಜೊತೆಯಾದೀತು, ಅದರ ಜಾಗ ತುಂಬಲಾರದು. ಕೆರೆಯನ್ನು ಮೀನುಗಾರಿಕೆಗೆ ಗುತ್ತಿಗೆ ಕೊಡುವ ಕರಾರಿನಲ್ಲಿ ಮರಿಯ ಕನಿಷ್ಠ ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆಯಲು ಒಂದೇ ಸಾಲು ಸಾಕು.