ಆಕರಕೋಶದ ಕೃಷಿ ಮತ್ತು ರೋಗಿಯ ಎಚ್ಚರ

ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಪಾರ್ಶ್ವವಾಯು, ಮಧುಮೇಹ, ಮಕ್ಕಳ ಆಟಿಸಂ, ಸವೆದ ಮೊಣಕಾಲು ಎಲ್ಲವೂ ವಾಸಿಯಾಗುತ್ತವೆಂಬ ಜಾಹೀರಾತುಗಳು ಇಂದು ಹಳ್ಳಿಯ ಮನೆಗಳನ್ನೂ ತಲುಪಿವೆ. ಹೊಲವನ್ನು ಒತ್ತೆಯಿಟ್ಟಾದರೂ ಮಾಡಿಸಬಹುದೇ ಎಂದು ಕೇಳುವವರು ನಮ್ಮಲ್ಲಿಗೆ ಬರುತ್ತಾರೆ. ಈ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಕಾಪಾಡುವುದು ಎಷ್ಟು ಕಠಿಣವೆಂಬುದನ್ನು ಭಕ್ತಬಾಂಧವರು ಅರಿತರೆ, ಇಂಥ ಭರವಸೆಗಳ ತೂಕವೆಷ್ಟೆಂಬುದು ತಾನಾಗಿಯೇ ತಿಳಿಯುವುದೆಂದು ನಾವು ಭಾವಿಸುತ್ತೇವೆ.

ಸ್ಟೆಮ್ ಸೆಲ್ ಎಂದರೆ ಆಕರಕೋಶ. ತನ್ನಂಥದೇ ಕೋಶವನ್ನು ಹುಟ್ಟಿಸುವ, ಅಗತ್ಯವಾದಾಗ ಬೇರೆ ಬಗೆಯ ಕೋಶವಾಗಿ ಮಾರ್ಪಡುವ ಎರಡು ಶಕ್ತಿಗಳೂ ಇದಕ್ಕುಂಟು. ಅಸ್ಥಿಮಜ್ಜೆಯ ಆಕರಕೋಶಗಳು ನಿತ್ಯವೂ ರಕ್ತಕಣಗಳನ್ನು ಉತ್ಪಾದಿಸುತ್ತವೆ. ಭ್ರೂಣದ ಆರಂಭದ ದಿನಗಳ ಆಕರಕೋಶಗಳಾದರೋ ದೇಹದ ಯಾವ ಕೋಶವಾದರೂ ಆಗಬಲ್ಲವು. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಅವರು ಮಾನವ ಭ್ರೂಣದ ಇಂಥ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಅದಕ್ಕಾಗಿ ಭ್ರೂಣವನ್ನು ಬಳಸುವುದು ಸರಿಯೇ ಎಂಬ ನೈತಿಕ ಪ್ರಶ್ನೆಯೂ ಎದ್ದಿತು. ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ ಕೋಶಗಳನ್ನೂ ಮರುವರ್ಷ ಮನುಷ್ಯನ ಚರ್ಮದ ಕೋಶಗಳನ್ನೂ ನಾಲ್ಕು ಜೀನುಗಳ ನೆರವಿನಿಂದ ಭ್ರೂಣಕೋಶಗಳಂತೆ ಮಾಡಿ ತೋರಿಸಿ, ಬೇರೊಂದು ದಾರಿ ತೆರೆದರು. 2012ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು.

ಈ ಕೋಶಗಳ ಆರೈಕೆ ಹಸುಗೂಸಿನ ಆರೈಕೆಯಂತೆ. 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇವನ್ನು ಇರಿಸಬೇಕು. ಪೋಷಕದ್ರವವನ್ನು ಬಹುತೇಕ ದಿನವೂ ಬದಲಿಸಬೇಕು. ಗುಂಪು ದಟ್ಟವಾದರೆ ಅವು ಅಂಕೆಮೀರಿ ಬೇರೆ ಕೋಶಗಳಾಗತೊಡಗುತ್ತವೆ. ಆದ್ದರಿಂದ ಸಾಮಾನ್ಯವಾಗಿ ನಾಲ್ಕರಿಂದ ಏಳು ದಿನಗಳಿಗೊಮ್ಮೆ, ರೈತನು ಸಸಿಮಡಿಯಿಂದ ಭತ್ತದ ಸಸಿ ಕಿತ್ತು ನಾಟಿ ಮಾಡುವಂತೆ, ಅವನ್ನು ಬಿಡಿಸಿ ಹೊಸ ತಟ್ಟೆಗಳಿಗೆ ಸಾಗಿಸಬೇಕು. ಹೀಗೆ ಮತ್ತೆ ಮತ್ತೆ ಸಾಗಿಸಿದಂತೆ ವರ್ಣತಂತುಗಳಲ್ಲಿ ದೋಷ ಸೇರಬಹುದಾದ್ದರಿಂದ ಆಗಾಗ ಪರೀಕ್ಷಿಸಬೇಕು. ದೀರ್ಘಕಾಲ ಕಾದಿರಿಸಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಈ ಕೋಶಗಳು ಮಾರ್ಪಡದೆಯೇ ದೇಹವನ್ನು ಹೊಕ್ಕರೆ ಟೆರಟೋಮ ಎಂಬ ಗಡ್ಡೆ ಬೆಳೆಯಬಹುದು.

ಜಾಹೀರಾತು ನೀಡುವ ಹಲವು ಕೇಂದ್ರಗಳು ರೋಗಿಯದೇ ಮಜ್ಜೆ ಅಥವಾ ಕೊಬ್ಬಿನಿಂದ ತೆಗೆದ ಕೋಶಗಳನ್ನು ಚುಚ್ಚುತ್ತವೆ. ಅವು ಭ್ರೂಣಕೋಶಗಳಂತೆ ಎಲ್ಲ ಬಗೆಯ ಕೋಶಗಳೂ ಆಗಲಾರವು. ಆದರೂ ಹೆಸರೊಂದೇ ಆದ್ದರಿಂದ ಒಂದರ ಕೀರ್ತಿಯಿಂದ ಇನ್ನೊಂದರ ವ್ಯಾಪಾರ ನಡೆಯುತ್ತದೆ. ರಕ್ತದ ಕ್ಯಾನ್ಸರ್, ಥಲಸೀಮಿಯ ಮೊದಲಾದ ಕೆಲವು ಕಾಯಿಲೆಗಳಲ್ಲಿ ಅಸ್ಥಿಮಜ್ಜೆಯ ಕಸಿ ಜೀವ ಉಳಿಸುತ್ತದೆ, ಇದು ಸಿದ್ಧವಾದ ಚಿಕಿತ್ಸೆ. ಇಂಥ ಅಂಗೀಕೃತ ಕಾಯಿಲೆಗಳ ಹೊರತು ಆಕರಕೋಶಗಳನ್ನು ಅನುಮತಿ ಪಡೆದ ಸಂಶೋಧನಾ ಪ್ರಯೋಗದಲ್ಲಿ ಮಾತ್ರ ಬಳಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಆದ್ದರಿಂದ ವೈದ್ಯರನ್ನು ಮೂರು ಮಾತು ಕೇಳಿರಿ. ಇದು ಅಂಗೀಕೃತ ಚಿಕಿತ್ಸೆಯೋ, ಪ್ರಯೋಗವೋ? ಪ್ರಯೋಗವಾದರೆ ಸರ್ಕಾರದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದರ ಸಂಖ್ಯೆ ಯಾವುದು? ಪ್ರಯೋಗವೆಂದ ಮೇಲೆ ನಮ್ಮಿಂದ ಹಣವೇಕೆ? ಈ ಪ್ರಶ್ನೆಗಳಿಗೆ ಸಿಡುಕುವವರಿಂದ ದೂರವಿರುವುದೇ ಲೇಸು.

ಈ ಮಾತು ನಮ್ಮ ಆಯುರ್ವೇದದವರಿಗೂ ಸಲ್ಲುತ್ತದೆ. ರಸಾಯನ ಸೇವನೆಯಿಂದ ಆಕರಕೋಶಗಳು ಹೆಚ್ಚಿ ಅಸಾಧ್ಯ ರೋಗಗಳು ವಾಸಿಯಾಗುತ್ತವೆಂದು ಹೇಳಿ ಮದ್ದು ಮಾರುವುದನ್ನು ನಾವು ಒಪ್ಪುವುದಿಲ್ಲ. ರಸಾಯನಕ್ಕೆ ಅದರದೇ ಗೌರವವಿದೆ, ಅದಕ್ಕೆ ಎರವಲು ಹೆಸರು ಬೇಕಿಲ್ಲ. ಪ್ರಯೋಗಶಾಲೆಯಲ್ಲಿ ತಾಳ್ಮೆಯಿಂದ ದುಡಿಯುತ್ತಿರುವ ವಿಜ್ಞಾನಿಗಳ ಶ್ರಮ ನಾಳೆ ಫಲ ಕೊಡಲಿ ಎಂದು ಹಾರೈಸೋಣ. ಬೆಳೆ ಇನ್ನೂ ಹೊಲದಲ್ಲಿರುವಾಗಲೇ ಸುಗ್ಗಿಯ ಬೆಲೆ ತೆರುವುದು ಮಾತ್ರ ಬೇಡ.